ಚೀಟಿ ಕೇಳಿ, ಸಾಕು
ಮೆಡಿಕಲ್ ಅಂಗಡಿಯವರು 18 ವರ್ಷ ತುಂಬದವರಿಗೆ ಅಪ್ಪ-ಅಮ್ಮ ಜೊತೆಗಿಲ್ಲದೆ ಯಾವ ಔಷಧಿಯನ್ನೂ ಕೊಡಬಾರದು ಅಂತ ಬರೆದಿದ್ದೀರಿ. ನಮ್ಮ ಉತ್ತರ ಕನ್ನಡದ ಬೇಲೆಕೇರಿ, ತದಡಿಯಂಥ ಮೀನುಗಾರರ ಊರಿನ ಕಡೆ ಒಮ್ಮೆ ಬಂದು ನೋಡಿ. ಅಪ್ಪ ಬೋಟಿಗೆ ಹೋಗಿರುತ್ತಾರೆ, ಅಮ್ಮ ಮೀನು ಮಾರಲಿಕ್ಕೆ. ಅಜ್ಜಿಯ ಬಿಪಿ ಗುಳಿಗೆ ತರುವುದು ಒಂಬತ್ತನೇ ಕ್ಲಾಸಿನ ಹುಡುಗನೇ. ಅವನನ್ನು ವಾಪಸ್ ಕಳಿಸಿದರೆ ಅಜ್ಜಿಗೆ ಅವತ್ತು ಗುಳಿಗೆ ಇಲ್ಲ, ಅಷ್ಟೇ.

ಕಾನೂನು ಕೇಳುವುದು ಡಾಕ್ಟರ್ ಚೀಟಿ. ಚಟ ಹತ್ತಿಸಬಲ್ಲ ಕೊಡೀನ್, ಅಲ್ಪ್ರಾಜೋಲಮ್, ಟ್ರಾಮಡಾಲ್ ಎಲ್ಲ ಶೆಡ್ಯೂಲ್ ಎಚ್1ರಲ್ಲಿ, ಅಂದರೆ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಒಂದು ಸರ್ಕಾರಿ ಪಟ್ಟಿಯಲ್ಲಿ, ಬರುತ್ತವೆ. ಇವನ್ನು ಮಾರಿದ ಅಂಗಡಿಯವರು ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅನ್ನುವುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. 2014ರಿಂದಲೇ ಇರುವ ನಿಯಮ ಇದು. ಬರೆಯುವವರು ಎಷ್ಟು ಜನ? ನಮ್ಮೂರ ಒಂದು ಮೆಡಿಕಲ್‌ನಲ್ಲಿ ಕಾಲೇಜು ಹುಡುಗನಿಗೆ ಸ್ಟ್ರಿಪ್ಪಿನಿಂದ ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಗುಳಿಗೆಯ ಹೆಸರು, ತಾರೀಕು ಇದ್ದ ಸ್ಟ್ರಿಪ್ಪಿನ ತುದಿ ಅಂಗಡಿಯಲ್ಲೇ ಉಳಿಯಿತು. ಚೀಟಿ ಕೇಳಲಿಲ್ಲ, ಬಿಲ್ಲೂ ಕೊಡಲಿಲ್ಲ.

ಇನ್ನು ನೀವು ಹೇಳುವ ಪೋಷಕರ ಹಕ್ಕು. ಮಕ್ಕಳ ಆಪರೇಷನ್ನಿಗೆ ಸಹಿ ಹಾಕುವವರು ಅವರೇ, ಅದರಲ್ಲಿ ತಕರಾರಿಲ್ಲ. ಆದರೆ ಹೋದ ಸಲ ಉಳಿದ ಅಜಿತ್ರೋಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಡಬ್ಬದಿಂದ ತೆಗೆದು ಈ ಸಲದ ನೆಗಡಿಗೆ ಕೊಡುವವರೂ ಅಪ್ಪ-ಅಮ್ಮನೇ ಅಲ್ವಾ? (ನಮ್ಮನೆಯ ಹಿರಿಯರು ಇದರಲ್ಲಿ ಜಾಸ್ತಿ ಧಾರಾಳ.) ಅವರು ಕೌಂಟರಿನ ಮುಂದೆ ನಿಂತರೆ ತಪ್ಪು ಔಷಧಿ ಸರಿಯಾಗಿಬಿಡುತ್ತದಾ?

ಡ್ರಗ್ಸ್ ಇನ್‌ಸ್ಪೆಕ್ಟರ್ ಕಾರವಾರದಿಂದ ಅಂಕೋಲಾ, ಕುಮಟಾ ತನಕ ಬಂದು ಆ ರಿಜಿಸ್ಟರ್ ಒಮ್ಮೆ ತೆರೆಸಲಿ. ವಯಸ್ಸು ನೋಡಲಿಕ್ಕೆ ಹುಡುಗರ ಆಧಾರ್ ಕಾರ್ಡ್ ಆಮೇಲೆ ಕೇಳೋಣ.