ವಾಟ ತಪ್ಪಿದ ವಾಲಿಬಾಲ್

ನಮ್ಮ ವಾಲಿಬಾಲ್ ಕೋರ್ಟ್ ಕಟ್ಟಿದವರು ನಾವೇ. ಅಕ್ಕಪಕ್ಕದ ಮನೆಯವರೆಲ್ಲ ಸೇರಿ, ಭಾನುವಾರಗಳನ್ನು ಬಲಿ ಕೊಟ್ಟು, ಸಲಿಕೆ ಹಿಡಿದು, ಸಿಮೆಂಟು ಕಲಸಿ. ನನಗೆ ಸಿಕ್ಕ ಕೆಲಸ ಮಟ್ಟ ನೋಡುವುದು. ರಸಮಟ್ಟ ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಮಂಡಿಯೂರಿ ಇಡೀ ಕೋರ್ಟ್ ತೆವಳಿದೆ. ಎಲ್ಲಿಟ್ಟರೂ ಗುಳ್ಳೆ ನಟ್ಟನಡುವೆ! ಕೇರಂ ಬೋರ್ಡ್ ಹಾಗಿದೆ ಅಂತ ಎಲ್ಲರೂ ಬೆನ್ನು ತಟ್ಟಿದರು. ಆಮೇಲೂ ಒಂದೆರಡು ಸಂಜೆ ಸುಮ್ನೆ ಹೋಗಿ ಗುಳ್ಳೆ ನೋಡಿ ಬಂದೆ.

ಮಳೆ ಬಂತು. ಒಂದು ಗಂಟೆಗೆ ಮಳೆ ನಿಂತಿತು. ನೀರೂ ನಿಂತಿತು, ಮೂರು ದಿನ.

ನೋಡಲು ಬಂದ ಮೇಸ್ತ್ರಿಯೊಬ್ಬರು ಅಂಗೈಯನ್ನು ಸ್ವಲ್ಪ ಓರೆ ಮಾಡಿ ತೋರಿಸಿ, "ವಾಟ ಎಲ್ಲಿಗೆ ಕೊಟ್ಟಿದೀರಾ?" ಅಂದರು. ನಾನು ಹೆಮ್ಮೆಯಿಂದ "ಎಲ್ಲೂ ಕೊಟ್ಟಿಲ್ಲ" ಅಂದೆ. ಅವರು ನನ್ನನ್ನೂ ನನ್ನ ರಸಮಟ್ಟವನ್ನೂ ಸ್ವಲ್ಪ ಹೊತ್ತು ನೋಡಿದರು.

ನೀರನ್ನು ಬೈದು ಪ್ರಯೋಜನವಿಲ್ಲ. ಎಲ್ಲ ಕಡೆ ಒಂದೇ ಸಮ ಇದ್ದರೆ ಅದು ಹೋಗುವುದಾದರೂ ಎಲ್ಲಿಗೆ? ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ವಾಲಿಬಾಲ್ ಕೋರ್ಟ್ 18 ಮೀಟರ್ ಉದ್ದ, 9 ಮೀಟರ್ ಅಗಲ. 20 ಮಿಲಿಮೀಟರ್ ಮಳೆಗೆ 3,240 ಲೀಟರ್. ನಾವು ಅದನ್ನು ಪೊರಕೆಯಲ್ಲಿ ತಳ್ಳುತ್ತಿದ್ದೆವು. ಈ ಕಡೆಯಿಂದ ನಾನು ತಳ್ಳುತ್ತಿದ್ದೆ, ಆ ಕಡೆಯಿಂದ ಪಕ್ಕದ ಮನೆಯವರು ತಳ್ಳುತ್ತಿದ್ದರು, ನೀರು ಮಧ್ಯದಲ್ಲಿ ನಿಂತು ಇಬ್ಬರನ್ನೂ ನೋಡುತ್ತಿತ್ತು.

ಸರಿ, ಮೇಲೆ ಇನ್ನೊಂದು ಪದರ ಹಾಕಿ ವಾಟ ಕೊಡೋಣ ಎಂದಾಯಿತು. ಯಾವ ಕಡೆಗೆ ಅನ್ನುವುದರ ಮೇಲೆ ಎರಡು ಸಭೆ. ನೆಟ್ ಕೆಳಗೆ ಎತ್ತರ ಮಾಡಿ ಎರಡೂ ಕಡೆ ಇಳಿಸೋಣ ಅಂತ ಒಬ್ಬರು. ಹಾಗೆ ಮಾಡಿದರೆ ಆಟಗಾರರು ಹಿಂದೆ ಹೋದಷ್ಟೂ ಕುಳ್ಳಗಾಗುತ್ತಾರೆ ಅಂತ ಇನ್ನೊಬ್ಬರು. ಕೊನೆಗೆ ಮೇಸ್ತ್ರಿ ಹೇಳಿದ್ದೇ ಆಯಿತು: ಕೋರ್ಟ್ ಇಡಿಯಾಗಿ ಒಂದೇ ಹಲಗೆಯ ಹಾಗೆ ಪಕ್ಕಕ್ಕೆ ವಾಲಬೇಕು, ಆಗ ಎರಡು ತಂಡಕ್ಕೂ ಕಷ್ಟ ಒಂದೇ. ನೂರಕ್ಕೆ ಒಂದು ಸಾಕು. 9 ಮೀಟರ್ ಅಗಲಕ್ಕೆ 9 ಸೆಂಟಿಮೀಟರ್. ಕಣ್ಣಿಗೂ ಕಾಣಲ್ಲ, ಕಾಲಿಗೂ ಗೊತ್ತಾಗಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ. ಈ ಸಲ ರಸಮಟ್ಟ ನನ್ನ ಕೈಗೆ ಕೊಡಲಿಲ್ಲ.

ಕೆಲಸ ಚೆನ್ನಾಗಿ ಬಂತು. ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಉಳಿದ ಇಟ್ಟಿಗೆ ಏನು ಮಾಡುವುದು? ಆಟ ನೋಡುವವರಿಗೆ ಕೂರಲು ಒಂದು ಕಟ್ಟೆ ಕಟ್ಟೋಣ ಅಂದೆ. ಹೌದು, ನಾನೇ ಅಂದದ್ದು. ನೆರಳು ಬೀಳುವ ಕಡೆ, ಅಂಚಿನುದ್ದಕ್ಕೂ, ಗಾರೆ ಮಾಡಿ ನುಣ್ಣಗೆ ಕಟ್ಟಿದೆವು. ನೆರಳು ಬೀಳುತ್ತಿದ್ದದ್ದು ತಗ್ಗಿನ ಕಡೆ. ಮುಂದಿನ ಮಳೆಗೆ ನೀರೆಲ್ಲ ಶಿಸ್ತಾಗಿ ವಾಟ ಹಿಡಿದು ಇಳಿದು ಬಂದು ಕಟ್ಟೆಗೆ ಒರಗಿ ನಿಂತಿತು. ಕೆರೆಕಟ್ಟೆ ಅಂತ ಒಟ್ಟಿಗೆ ಯಾಕೆ ಹೇಳುತ್ತಾರೆ ಅಂತ ಅವತ್ತು ಗೊತ್ತಾಯಿತು. ನಾವು ಕಟ್ಟೆ ಕಟ್ಟಿದೆವು, ಕೆರೆ ತಾನೇ ಬಂತು.

ಕಟ್ಟೆಯ ಬುಡದಲ್ಲಿ ಅಲ್ಲಲ್ಲಿ ತೂತು ಕೊರೆದು, ಆಚೆಗೆ ಒಂದು ಬಸಿಗಾಲುವೆ ತೆಗೆದೆವು. ಜಲ್ಲಿ ತುಂಬಿದ ಗುಂಡಿಯಲ್ಲಿ ತೂತಿನ ಪೈಪು ಇಡುವ ಈ ಪದ್ಧತಿಗೆ ಫ್ರೆಂಚ್ ಡ್ರೇನ್ ಅನ್ನುತ್ತಾರೆ. ನಮ್ಮಲ್ಲೊಬ್ಬರು ಫ್ರಾನ್ಸ್ ತಂತ್ರಜ್ಞಾನ ಅಂತ ಎಲ್ಲರಿಗೂ ಹೇಳಿಕೊಂಡು ಬಂದರು. ಪಾಪ, ಅದಕ್ಕೂ ಫ್ರಾನ್ಸಿಗೂ ಸಂಬಂಧವೇ ಇಲ್ಲ. 1859ರಲ್ಲಿ ಹೊಲದ ನೀರು ಬಸಿಯುವುದರ ಬಗ್ಗೆ ಪುಸ್ತಕ ಬರೆದ ಅಮೆರಿಕದ ಹೆನ್ರಿ ಫ್ರೆಂಚ್ ಹೆಸರು ಅದು.

ಪೈಪಿನ ತೂತು ಮೇಲಕ್ಕಿರಬೇಕೋ ಕೆಳಕ್ಕೋ? ನೀರು ಬೀಳುವುದು ಮೇಲಿಂದ, ಆದ್ದರಿಂದ ಮೇಲಕ್ಕೆ ಅಂತ ಇಟ್ಟೆವು. ತಪ್ಪು. ಗುಂಡಿಯಲ್ಲಿ ನೀರು ತಳದಿಂದ ಏರುತ್ತದೆ. ತೂತು ಮೇಲಿದ್ದರೆ ಪೈಪು ಪೂರ್ತಿ ಮುಳುಗುವ ಹೊತ್ತಿಗೆ ಒಳಗೆ ಮೊದಲ ಹನಿ ಹೋಗುತ್ತದೆ. ಜಲ್ಲಿ ಸುತ್ತ ಬಟ್ಟೆ ಸುತ್ತಬೇಕು ಅನ್ನುವುದೂ ಗೊತ್ತಿರಲಿಲ್ಲ. ಒಂದೇ ಮಳೆಗಾಲಕ್ಕೆ ಪೈಪಿನ ತುಂಬ ಹೂಳು. ಅಗೆದು, ತೊಳೆದು, ತಿರುಗಿಸಿ, ಬಟ್ಟೆ ಸುತ್ತಿ ಮತ್ತೆ ಹೂತೆವು. ಪೈಪಿನ ಕೊನೆಯನ್ನು ದೂರದ ಇಂಗುಗುಂಡಿಗೆ ಬಿಟ್ಟಿದ್ದೇವೆ. ಅದಕ್ಕೆ ಮುಂಚೆ ಎಲ್ಲಿಗೆ ಬಿಟ್ಟಿದ್ದೆವು ಅಂತ ಕೇಳಬೇಡಿ. ಪೊರಕೆ ಹಿಡಿದು ನನ್ನೆದುರು ನೀರು ತಳ್ಳುತ್ತಿದ್ದ ಪಕ್ಕದ ಮನೆಯವರು ಈಗಷ್ಟೇ ಮಾತಾಡಲು ಶುರು ಮಾಡಿದ್ದಾರೆ.

ಈಗ ಮಳೆ ನಿಂತ ಅರ್ಧ ಗಂಟೆಗೆ ಆಟ ಶುರು. ಸರ್ವಿಸ್ ಮಾಡುವ ಮೂಲೆಯಲ್ಲಿ ಮಾತ್ರ ಒಂದು ತಟ್ಟೆಯಷ್ಟು ಜಾಗದಲ್ಲಿ ನೀರು ಉಳಿಯುತ್ತದೆ. ಕೋರ್ಟ್ ಕಟ್ಟುವವರ ಹತ್ತಿರ ಇದಕ್ಕೊಂದು ಪರೀಕ್ಷೆ ಇದೆ. ಕೋರ್ಟ್ ತುಂಬ ನೀರು ಬಿಟ್ಟು, ಬಿಸಿಲಲ್ಲಿ ಒಂದು ಗಂಟೆ ಬಿಟ್ಟು, ಉಳಿದ ನೀರಲ್ಲಿ ನಾಣ್ಯ ಇಡಬೇಕು. ಮುಳುಗದಿದ್ದರೆ ಪಾಸು, ಮುಳುಗಿದರೆ ತೇಪೆ ಹಾಕಬೇಕು. ನಾನೂ ನೀರು ಬಿಟ್ಟೆ, ಗಂಟೆ ಕಾದೆ, ನಾಣ್ಯ ಇಟ್ಟೆ, ಎಲ್ಲರಿಗೂ ತೋರಿಸೋಣ ಅಂತ ಕರೆಯಲು ಹೋದೆ.

ವಾಪಸ್ ಬಂದಾಗ ನೀರು ಇತ್ತು. ನಾಣ್ಯ ಇರಲಿಲ್ಲ.