ಸತ್ಯಾಂಶ: ಷೇರು ಸ್ಟ್ರೈಕ್ ಬೆಲೆ ದಾಟಿದರೆ ಸಾಕೇ?

ಷೇರುಪೇಟೆ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ಈಕ್ವಿಟಿ ಡೆರಿವೇಟಿವ್ಸ್ (ಷೇರಿನ ಬೆಲೆ ಆಧರಿಸಿದ ಒಪ್ಪಂದಗಳ) ಪರೀಕ್ಷೆಗೆ ಓದುವವರ ನಡುವೆ ಒಂದು ‘ಸುಲಭ ಸೂತ್ರ’ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ: ‘ಷೇರು ಸ್ಟ್ರೈಕ್ ಬೆಲೆ ದಾಟಿತೆಂದರೆ ಕಾಲ್ ಕೊಂಡವರಿಗೆ ಲಾಭ.’ ಕಾಲ್ ಎಂದರೆ ಮೊದಲೇ ಗೊತ್ತುಮಾಡಿದ ಬೆಲೆಗೆ, ಅಂದರೆ ಸ್ಟ್ರೈಕ್ ಬೆಲೆಗೆ, ಷೇರು ಕೊಳ್ಳುವ ಹಕ್ಕು. ಸೂತ್ರ ತಪ್ಪು. ಅದನ್ನು ಬರೆದವರು ಪ್ರೀಮಿಯಂ ಅನ್ನೇ, ಅಂದರೆ ಆ ಹಕ್ಕಿಗೆ ಕೊಡುವ ಬೆಲೆಯನ್ನೇ ಮರೆತಿದ್ದಾರೆ.

500 ರೂಪಾಯಿ ಸ್ಟ್ರೈಕ್‌ನ ಕಾಲ್ ಆಪ್ಷನ್ ಅನ್ನು ಷೇರೊಂದಕ್ಕೆ 20 ರೂಪಾಯಿ ಪ್ರೀಮಿಯಂ ಕೊಟ್ಟು ಕೊಂಡಿರಿ ಎನ್ನೋಣ; ಲಾಟ್ (ಒಂದು ಒಪ್ಪಂದದ ಗಾತ್ರ) 1,000 ಷೇರುಗಳದ್ದು. ಎಕ್ಸ್‌ಪೈರಿ ದಿನ (ಹಕ್ಕಿನ ಅವಧಿ ಮುಗಿಯುವ ದಿನ) ಷೇರು 512ರಲ್ಲಿ ನಿಂತಿತು. ಷೇರೊಂದಕ್ಕೆ ಬಂದದ್ದು 12 ರೂಪಾಯಿ, ಕೈಯಿಂದ ಹೋದದ್ದು 20. ಅಂದರೆ 8,000 ರೂಪಾಯಿ ನಷ್ಟ. ಕಾಲ್ ಮಾರಿದವರಿಗೆ ಅಷ್ಟೇ ಲಾಭ. ನಷ್ಟವಾದರೂ ಇಲ್ಲಿ ಹಕ್ಕು ಚಲಾಯಿಸುವುದೇ ಸರಿ, ಬಿಟ್ಟರೆ 20,000 ಪೂರ್ತಿ ಹೋಗುತ್ತದೆ. ಲಾಭವೂ ಇಲ್ಲದ ನಷ್ಟವೂ ಇಲ್ಲದ ಬೆಲೆ 520. ಇದೇ ಸ್ಟ್ರೈಕ್, ಇದೇ ಪ್ರೀಮಿಯಂನ ಪುಟ್ (ಸ್ಟ್ರೈಕ್ ಬೆಲೆಗೆ ಷೇರು ಮಾರುವ ಹಕ್ಕು) ಆಗಿದ್ದರೆ 480.

ಸೂತ್ರ ಇನ್ನೊಂದು ಕಡೆಯಿಂದಲೂ ಕುಂಟುತ್ತದೆ. ಎಕ್ಸ್‌ಪೈರಿಗೆ ಮೊದಲೇ ಆ ಕಾಲ್ ಅನ್ನು 27 ರೂಪಾಯಿಗೆ ಮಾರಿದರೆ, ಷೇರು 495ರಲ್ಲೇ ಇದ್ದರೂ 7,000 ರೂಪಾಯಿ ಲಾಭ. ಮಾರಿದ ಪ್ರೀಮಿಯಂನಲ್ಲಿ ಕೊಂಡ ಪ್ರೀಮಿಯಂ ಕಳೆದರೆ ಮುಗಿಯಿತು, ಸ್ಟ್ರೈಕ್ ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಹಾಗಾಗಿ ಪ್ರಶ್ನೆ ಎಕ್ಸ್‌ಪೈರಿಯದೋ, ನಡುವೆ ಮಾರಿದ್ದೋ ಎಂಬುದನ್ನು ಮೊದಲು ನೋಡಿ. ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಶೇ 25ರಷ್ಟು ಕಡಿತವೂ ಇದೆ.