ಬಂಗಾಳದಲ್ಲಿ ಹುಟ್ಟಿದ ನಮ್ಮ ಮುತ್ಯಾ

ನಮ್ಮ ಮುತ್ಯಾ ಬದುಕಿದ್ದಷ್ಟು ದಿನ ಸೊಲ್ಲಾಪುರ ದಾಟಿದವರಲ್ಲ. ಕಳೆದ ತಿಂಗಳು ನಾನು ಅವರನ್ನು ಪಶ್ಚಿಮ ಬಂಗಾಳದಲ್ಲಿ ಹುಟ್ಟಿಸಿಬಿಟ್ಟೆ.

ವಂಶವೃಕ್ಷ ಬರೆಯುವ ಆ್ಯಪ್ ಒಂದನ್ನು ಸುಮ್ನೆ ಇಳಿಸಿಕೊಂಡಿದ್ದೆ. ಅದರಲ್ಲಿ 'ಹುಟ್ಟಿದ ಊರು' ಅಂತ ಒಂದು ಖಾನೆ. ಆಯಿಯನ್ನು ಕೇಳಿದೆ. 'ಕಲ್ಯಾಣಿ ಹತ್ರ ಹುಟ್ಯಾರ' ಅಂದಳು. ಕಲಬುರಗಿಯಲ್ಲಿ ಕೂತ ಆಯಿಗೆ ಬಸವಕಲ್ಯಾಣ ಇವತ್ತಿಗೂ ಕಲ್ಯಾಣಿಯೇ. ನಾನೂ ಹಾಗೇ ಟೈಪ್ ಮಾಡಿದೆ. ಆ್ಯಪ್ 'ಹತ್ರ' ಅನ್ನೋದನ್ನು ನುಂಗಿ, ಕೋಲ್ಕತ್ತಾದ ಆಚೆ ಇರುವ ಕಲ್ಯಾಣಿಯ ಮೇಲೆ ಕೆಂಪು ಗುರುತು ಹಾಕಿತು. ಎರಡೇ ದಿನಕ್ಕೆ ಪುಣೆಯಿಂದ ಅತ್ತೆಯ ಮಗನ ಫೋನ್. 'ನಾವು ಬಂಗಾಳದವ್ರೇನೋ? ಅದಕ್ಕೇ ನಂಗ ಮೀನಂದ್ರ ಇಷ್ಟು ಪ್ರೀತಿ. ಮನ್ಯಾಗ ಮಾತ್ರ ಹೇಳಬ್ಯಾಡ ಮತ್ತ!'

ಆಯಿಯ ಹತ್ತಿರ ಮತ್ತೆ ಹೋದೆ. 'ಹತ್ರ ಅಂದ್ರ ಎಷ್ಟು ಹತ್ರ?'

'ಬಂಡಿ ಹೂಡಿದ್ರ ಹೊತ್ತು ಮುಳುಗೂದ್ರಾಗ ಮುಟ್ಟತಿದ್ರಂತ.'

'ಎಷ್ಟಕ್ಕ ಹೊರಡ್ತಿದ್ರು?'

'ಎತ್ತು ಮೇಯೋದು ಮುಗದ ಮ್ಯಾಲ.'

ಇದನ್ನು ಯಾವ ನಕ್ಷೆಯಲ್ಲಿ ಅಳೆಯೋದು? ಆಗ ಕಾಕಾ ಬಾಯಿ ಹಾಕಿದ. 'ಹಳ್ಳಿಖೇಡ ಅಲ್ಲೇನೋ ನಮ್ಮ ಊರು!' ಭಾನುವಾರ ಅವನ ಬೈಕ್ ಹತ್ತಿ ಹುಮನಾಬಾದ್ ತಾಲ್ಲೂಕಿಗೆ ಹೋದೆವು. ಊರವರು ಪ್ರೀತಿಯಿಂದ ಮಾತಾಡಿಸಿದರು. ಬಿದ್ದ ಗೋಡೆಯೊಂದನ್ನು ತೋರಿಸಿ 'ಇದೇ ಇರಬೇಕು' ಅಂದರು. ಕಾಕಾ ಗೋಡೆಗೆ ಹಣೆ ಹಚ್ಚಿ ಕಣ್ಣೀರು ಹಾಕಿದ. ನಾನು ಫೋಟೊ ತೆಗೆದೆ. ಯಾರದೋ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಊಟವೂ ಆಯಿತು. ಊಟದ ಬಗ್ಗೆ ನನ್ನದೇನೂ ತಕರಾರಿಲ್ಲ.

ಮನೆಗೆ ಬಂದು ಫೋಟೊ ತೋರಿಸಿದರೆ ಆಯಿ ಬೋರ್ಡ್ ಓದಿಸಿದಳು. ಹಳ್ಳಿಖೇಡ (ಕೆ).

'ನಮ್ಮದು ಬಿ ಅಲ್ಲೋ!'

ನಮ್ಮ ಕಡೆ ಒಂದೇ ಹೆಸರಿನ ಊರು ಎರಡಿದ್ದರೆ ದೊಡ್ಡದು ಬುದ್ರುಕ್, ಸಣ್ಣದು ಖುರ್ದ್. ಬಿ, ಕೆ ಅಂದರೆ ಅದೇ. ಒಂದು ಅಕ್ಷರಕ್ಕೆ ಕಾಕಾನ ಕಣ್ಣೀರು ಬೇರೆ ಯಾರದೋ ಗೋಡೆಗೆ ಹೋಯಿತು.

'ಮುಂದಿನ ವಾರ ಬಿಗೆ ಹೋಗೋಣ' ಅಂದೆ.

'ಅಲ್ಲಿಗೆ ಹೋಗಿ ಏನ್ ಮಾಡ್ತಿ? ಅವ್ರು ಮೊದಲನೇ ಕೂಸು. ಮೊದಲ ಬಾಣಂತನ ತವರುಮನಿ ಬಿಟ್ಟು ಗಂಡನ ಮನ್ಯಾಗ ಯಾರು ಮಾಡ್ತಾರ?'

ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲೇ ಇಲ್ಲ. ಮನೆತನದ ಊರೇ ಹುಟ್ಟಿದ ಊರು ಅಂದುಕೊಂಡು ವಂಶದ ಚೊಚ್ಚಲ ಮಕ್ಕಳನ್ನೆಲ್ಲ ತಪ್ಪು ಊರಲ್ಲಿ ಹುಟ್ಟಿಸಿದ್ದೆ. ಸರಿ, ಮುತ್ಯಾನ ಅವ್ವನ ತವರು ಎಲ್ಲಿ? ಉದಗೀರ ಕಡೆ ಒಂದು ಹಳ್ಳಿಯಂತೆ. ಹೆಸರು ಮರೆತಿದ್ದಾಳೆ.

'ಮತ್ತ ಕಲ್ಯಾಣಿ ಹತ್ರ ಅಂದಿ?'

'ಇಲ್ಲಿ ಕೂತು ನೋಡಿದ್ರ ಎಲ್ಲಾ ಹತ್ರಾನೇ.'

ಉದಗೀರ ಅಂದರೆ ಇನ್ನೊಂದು ಫಜೀತಿ. ಮುತ್ಯಾ ಹುಟ್ಟುವಾಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆ. 1956ರಲ್ಲಿ ಬೀದರ್ ಮೈಸೂರಿಗೆ ಬಂತು, ಉದಗೀರ ಬೊಂಬಾಯಿಗೆ ಹೋಯಿತು. 1960ರಲ್ಲಿ ಮಹಾರಾಷ್ಟ್ರ ಆಯಿತು. 1982ರಿಂದ ಲಾತೂರ್ ಜಿಲ್ಲೆ. ಕೂತಲ್ಲೇ ಕೂತ ಊರಿಗೆ ಇಷ್ಟು ವಿಳಾಸ! ಕೊನೆಗೆ ಹುಟ್ಟಿದಾಗ ಇದ್ದದ್ದನ್ನೇ ಬರೆದೆ: 'ಉದಗೀರ ಕಡೆ, ಬೀದರ್ ಜಿಲ್ಲೆ, ಹೈದರಾಬಾದ್ ಸಂಸ್ಥಾನ. ಹಳ್ಳಿ ಗೊತ್ತಿಲ್ಲ. ಹೇಳಿದವರು ಆಯಿ.' ಕೆಂಪು ಗುರುತು ಅಳಿಸಿದೆ. ಆ್ಯಪ್ ಇನ್ನೂ 'ಸ್ಥಳ ಸರಿಯಿಲ್ಲ' ಅಂತ ಗೊಣಗುತ್ತಿದೆ. ಗೊಣಗಲಿ.

'ನಂದು ಏನ್ ಬರ್ದಿ?' ಅಂದಳು ಆಯಿ.

'ಆಳಂದ.'

'ಆಳಂದಲ್ಲೋ ತಮ್ಮಾ. ಆಳಂದ ಹತ್ರ.'